ಒಲಿ ಬಿಟ್ಟು ಹೊಲಕ್ಕ ಹೋಗೂಮುಂದ ಏನೇನ್ ನೋಡ್ಕೋಬೇಕು

ಮೊದಲನೇ ಮಾತು ಇದ ನೋಡ್ರಿ, ಉರಿ ಬಿಟ್ಟು ಮನಿಯಿಂದ ಹೊರಗ ಹೋಗಬ್ಯಾಡ್ರಿ. ಕೆಂಡ ಬಿಟ್ಟು ಹೋಗಬಹುದು, ಅದೂ ಬೂದಿ ಮುಚ್ಚಿ, ಸುತ್ತ ಮುತ್ತ ನೋಡಿ. ಕಟ್ಟಗಿ ಧಗಧಗ ಉರಿಯಾಕತ್ತಿರ್ತೈತಿ, "ಹಾಲು ಕಾದ ಮ್ಯಾಲ ತಾನ ಆರ್ತೈತಿ ಬಿಡು" ಅಂತ ಬಾಗ್ಲಾ ಎಳಕೊಂಡು ಹೋಗೂದು ಭಾಳ ಮನ್ಯಾಗ ನಡೀತೈತಿ, ಅದನ್ನ ಬಿಡಬೇಕು.

2016ರಾಗ ಸರಕಾರದ ಉಜ್ವಲಾ ಗ್ಯಾಸ್ ಯೋಜನಾ ಬಂದ ಮ್ಯಾಲ ಸಿಲಿಂಡರ್ ಎಷ್ಟೋ ಮನಿಗೆ ಬಂದೈತಿ, ಆದ್ರ ಚಾ ಒಗ್ಗರಣಿ ಅಷ್ಟ ಗ್ಯಾಸಿನ ಮ್ಯಾಲ, ಜಳಕದ ನೀರು, ಹಾಲು ಕಾಸೂದು, ಹತ್ತು ಮಂದಿ ರೊಟ್ಟಿ ಅಂದ್ರ ಒಲೀನ ಬೇಕು. ಸುಗ್ಗಿ ಬಂದ್ರ, ಕಬ್ಬು ಕಡಿಯೋ ಹಂಗಾಮ ಬಂದ್ರ ಮುಂಜಾನಿ ಎಲ್ಲಾರೂ ಹೊಲದಾಗ, ಮನ್ಯಾಗ ಒಲಿ ಒಂದ. ಹಿಂಗಾಗಿ ಬರೀ "ಆರಿಸಿ ಹೋಗ್ರಿ" ಅಂದ್ರ ಯಾರೂ ಕೇಳೂದಿಲ್ಲ, ಸಂಜಿಗೆ ಮತ್ತ ಹಚ್ಚೋ ತ್ರಾಸ ಯಾರಿಗೆ ಬೇಕು. ಅದಕ್ಕ ಕೆಂಡ ಹೆಂಗ ಇಡಬೇಕು ಅನ್ನೂದನ್ನ ಸರಿಯಾಗಿ ತಿಳ್ಕೊಳ್ಳೋಣು.

ಹೋಗೋ ಅರ್ಧ ತಾಸು ಮೊದ್ಲ ಹೊಸಾ ಕಟ್ಟಗಿ ಹಾಕೂದು ನಿಲ್ಲಿಸ್ರಿ. ಯಾವ ಉರುವಲ ಅನ್ನೂದೂ ಮುಖ್ಯ. ಜಾಲಿ ಕಟ್ಟಗಿ ಗಟ್ಟಿ, ಕೆಂಡ ಭಾಳ ಹೊತ್ತು ತಡೀತೈತಿ. ಸಿಂದಗಿ ಇಂಡಿ ಕಡೆ ಹತ್ತಿ ಕಟ್ಟಗಿ ತೊಗರಿ ಕಟ್ಟಗಿ ಜಾಸ್ತಿ, ಅವು ಭರ್ ಅಂತ ಹತ್ತಿ ಭರ್ ಅಂತ ಆರ್ತಾವು, ಕಿಡಿ ಹಾರಸ್ತಾವು, ಅವುಗಳ ಕೆಂಡ ನಂಬಿ ಇಡಾಕ ಬರೂದಿಲ್ಲ. ಮುಧೋಳ ಜಮಖಂಡಿ ಕಡೆ ಕಬ್ಬಿನ ರವದಿ, ಅಂದ್ರ ಒಣಗಿದ ಎಲಿ, ಒಲಿಗೆ ಹಾಕ್ತಾರಲ್ಲ, ಅದು ಹಚ್ಚಾಕಷ್ಟ ಚೊಲೋ, ಹೋಗೂಮುಂದ ಒಲಿ ಹತ್ರ ಒಂದು ಎಳಿ ರವದಿನೂ ಬಿದ್ದಿರಬಾರದು. ಕೆಂಡ ಹಿಡಿಯಾಕ ಕುಳ್ಳಿನಂಥದ್ದು ಯಾವುದೂ ಇಲ್ಲ.

ಈಗ ಮುಚ್ಚೋ ಪದ್ಧತಿ. ಅರ್ಧ ಸುಟ್ಟ ಕೊಳ್ಳಿ ಎಲ್ಲಾ ಹೊರಗ ಎಳೀರಿ, ತುದಿ ಮಣ್ಣಾಗ ಒತ್ತಿ ಆರಸ್ರಿ, ಹೊಗಿ ನಿಂತ ಮ್ಯಾಲ ಅಂಗಳದಾಗ ಬರೇ ನೆಲದ ಮ್ಯಾಲ ಇಡ್ರಿ, ಕಟ್ಟಗಿ ರಾಶಿ ಮ್ಯಾಲ ಎಸೀಬ್ಯಾಡ್ರಿ. ಒಲಿ ಬಾಯಾಗ ಕೊಳ್ಳಿ ಅರ್ಧ ಹೊರಗ ಚಾಚಿರೋ ಹಂಗ ಬಿಟ್ರ ಅದ ದೊಡ್ಡ ಅಪಾಯ, ಒಳಗಿನ ತುದಿ ಸುಟ್ಟು ಸಣ್ಣ ಆದಂಗ ಭಾರ ಹೊರಗಾಗಿ ಕೊಳ್ಳಿ ತಿರುಗಿ ಕೆಳಗ ಬೀಳ್ತೈತಿ, ನೆಲದ ಮ್ಯಾಲ ಚಾಪಿ ಇದ್ರ ಮುಗೀತು. ಆಮ್ಯಾಲ ನಿಗಿನಿಗಿ ಕೆಂಡ ಎಲ್ಲಾ ಒಲಿ ಹಿಂದಿನ ಗ್ವಾಡಿ ಕಡೆ ಒಂದ ಕಡೆ ಗುಂಪು ಮಾಡ್ರಿ, ನಡುವ ಒಂದು ಒಣಾ ಕುಳ್ಳು ಮುರಿದು ತುರುಕ್ರಿ, ಮ್ಯಾಲ ಹಳೇ ತಣ್ಣಗಿನ ಬೂದಿ ನಾಲ್ಕು ಬೆರಳ ದಪ್ಪ ಹಾಕಿ ಸಟಗದ ಬೆನ್ನಿಲೆ ಮೆಲ್ಲಕ ತಟ್ರಿ. ಎಲ್ಲಿ ಕೆಂಪು ಕಾಣ್ತೈತಿ ಅಲ್ಲಿ ಇನ್ನೊಂದು ಹಿಡಿ. ಬೂದಿ ಗಾಳಿ ತಡೀತೈತಿ, ಗಾಳಿ ಕಡಿಮಿ ಆದ್ರ ಕೆಂಡ ಉರಿಯಂಗಿಲ್ಲ, ಒಳಗೊಳಗ ಕಾವು ಹಿಡಕೊಂಡು ಕುಂದರ್ತೈತಿ, ಸಂಜಿ ತನಕ ಆರಾಮ ಇರ್ತೈತಿ. ಒಲಿ ಬಾಯಿಗೆ ಹಳೇ ಕಬ್ಬಿಣದ ಹಂಚು ನಿಂದರಸ್ರಿ. ಇದನ್ನ ಮಾತ್ರ ಮರೀಬ್ಯಾಡ್ರಿ, ಬೆಕ್ಕು ಬೆಚ್ಚಗಿನ ಬೂದ್ಯಾಗ ಮಲಗಾಕ ಬರ್ತೈತಿ, ಕೋಳಿ ಕೆದರ್ತಾವು, ಕೆದರಿದ್ರ ಕೆಂಡ ಹೊರಗ ಬಂತು ಅಂತನ.

ಹಾಲಿನ ಗಡಗಿ ಮ್ಯಾಲ ಇಟ್ಟು ಹೋಗೋರು ಗಡಗಿ ಮುಕ್ಕಾಲಷ್ಟ ತುಂಬ್ರಿ, ಕಲ್ಲಿನ ಮ್ಯಾಲ ಅಲುಗಾಡದಂಗ ಕುಂದರಸ್ರಿ. ಎಣ್ಣಿ ಬಾಣಲಿ ಮಾತ್ರ ಎಂಥಾ ಸಣ್ಣ ಕೆಂಡದ ಮ್ಯಾಲೂ ಇಟ್ಟು ಹೋಗಬಾರದು.

ಒಲಿ ಸುತ್ತ ಮೂರು ಫೂಟು ಖಾಲಿ ಇರಬೇಕು. ಕುಳ್ಳಿನ ಬುಟ್ಟಿ, ಕಸಬರಿಗಿ, ಗೋಣಿ ಚೀಲ, ಹಗ್ಗದ ಮ್ಯಾಲ ಒಣಾ ಹಾಕಿದ ಸೀರಿ, ಮಕ್ಕಳ ಪಾಟೀಚೀಲ, ಎಲ್ಲಾ ಸರಸ್ರಿ. ಇಳಕಲ್ ಗುಳೇದಗುಡ್ಡದಂಥ ನೇಕಾರ ಊರಾಗ ಮಗ್ಗ ಮನ್ಯಾಗ ಇರ್ತೈತಿ, ನೂಲಿನ ಲಡಿ ಅಡಗಿ ಮನಿ ಗ್ವಾಡಿಗೇನ ತೂಗ ಹಾಕಿರ್ತಾರ, ನೂಲು ಒಂದು ಕಿಡಿಗೆ ಹತ್ತತೈತಿ, ಅದನ್ನ ಬ್ಯಾರೆ ಕೋಣ್ಯಾಗ ಇಡ್ರಿ. ಗ್ಯಾಸ್ ಸಿಲಿಂಡರ್ ಇರೋ ಕೋಣ್ಯಾಗ ಕೆಂಡ ಬಿಟ್ಟು ಹೋಗಲೇಬಾರದು, ಆ ಗ್ಯಾಸು ಗಾಳಿಗಿಂತ ಭಾರ, ಸೋರಿದ್ರ ನೆಲ ಹಿಡಕೊಂಡು ಹರಿದು ಒಲಿ ಬಾಯಿಗೇ ಬರ್ತೈತಿ, ರೆಗ್ಯುಲೇಟರ್ ಬಂದ್ ಮಾಡಿದ್ರೂ ನಂಬಬ್ಯಾಡ್ರಿ. ಚೈತ್ರ ವೈಶಾಖದಾಗ ವಿಜಯಪುರ ಬಾಗಲಕೋಟಿ ಕಡೆ ಮಧ್ಯಾಹ್ನ ಸುಳಿಗಾಳಿ ಏಳ್ತೈತಿ, ಆವಾಗ ಬಯಲಿನ ಒಲಿ, ಗುಡಿಸಲ ಒಲಿ, ಬಣವಿ ಹತ್ರ ಇರೋ ಒಲಿ ಪೂರ್ತಿ ಆರಿಸೇ ಹೋಗ್ರಿ, ಮುಚ್ಚಿಡೋ ಮಾತು ಅಲ್ಲಿ ಬ್ಯಾಡ.

ಬೆಳಗಾವಿ ಖಾನಾಪುರ ಕಡೆ ಬಚ್ಚಲದಾಗ ಜಳಕದ ನೀರು ಕಾಸೋ ತಾಂಬ್ರದ ಬಂಬ ಇರ್ತೈತಿ. ಅದಕ್ಕ ನೀರ ಜೀವ. ನಡುವಿನ ಕೊಳವ್ಯಾಗ ಬೆಂಕಿ, ಸುತ್ತ ನೀರು ಇರೋ ತನಕ ತಾಂಬ್ರ ಭಾಳ ಕಾಯೂದಿಲ್ಲ, ನೀರು ಖಾಲಿ ಆತು ಅಂದ್ರ ಬೆಸಗಿ ಕರಗಿ ಸೋರಾಕ ಹತ್ತತೈತಿ. ಅದಕ್ಕ ಹೋಗೂಮುಂದ ಪೂರ್ತಿ ತುಂಬ್ರಿ, ನಳ ಸೋರ್ತೈತೋ ನೋಡ್ರಿ, ಉಗಿ ಹೋಗೋ ದಾರಿಗೆ ಬಟ್ಟಿ ತುರುಕಬ್ಯಾಡ್ರಿ. ಕೆಳಗ ಕೆಂಡ ಉದುರೋ ಜಾಗಕ್ಕ ತಗಡಿನ ತಾಟು ಇಡ್ರಿ, ಪ್ಲಾಸ್ಟಿಕ್ ಬಕೀಟು ದೂರ ಇರಲಿ.

ಈ ಮಾತು ಸ್ವಲ್ಪ ನಿಂತು ಓದ್ರಿ. ಬಾಣಂತಿ ಹೊರಸಿನ ಕೆಳಗ ಶೇಗಡ್ಯಾಗ ಕೆಂಡ ಇಟ್ಟು, ಗಾಳಿ ತಾಕಬಾರದು ಅಂತ ಕಿಡಕಿ ಬಾಗ್ಲಾ ಮುಚ್ಚಿ, ಉಳಿದೋರು ಹೊಲಕ್ಕ ಹೋಗೂದು ನಮ್ಮ ಕಡೆ ಐತಿ. ಕೆಂಡದಿಂದ ಕಾರ್ಬನ್ ಮೊನಾಕ್ಸೈಡ್ ಅನ್ನೋ ವಿಷಗಾಳಿ ಬರ್ತೈತಿ, ಬಣ್ಣ ಇಲ್ಲ, ವಾಸನಿ ಇಲ್ಲ, ಹೊಗಿ ಇಲ್ಲ ಅಂದ್ರೂ ಅದು ಇರ್ತೈತಿ. ತಲಿ ನೋವು, ವಾಂತಿ, ಜೋಂಪು, ಆಮ್ಯಾಲ ಎಚ್ಚರ ತಪ್ಪತೈತಿ, ಮಲಗಿದೋರಿಗೆ ಗೊತ್ತ ಆಗೂದಿಲ್ಲ. ತಾಯಿ ಕೂಸು ಇಬ್ಬರ ಜೀವಕ್ಕೂ ಅಪಾಯ. ಕೋಣಿ ಬೆಚ್ಚಗ ಮಾಡಬೇಕಂದ್ರ ಮೊದ್ಲ ಕಾಸಿ ಶೇಗಡಿ ಹೊರಗ ತಂದು, ಕೋಣ್ಯಾಗ ಗಾಳಿ ಆಡಿಸಿ, ಆಮ್ಯಾಲ ಅವರನ್ನ ಒಳಗ ಕಳಸ್ರಿ. ಮುದುಕರು ಮಕ್ಕಳು ಮಲಗೋ ಕೋಣಿಗೂ ಇದ ಲೆಕ್ಕ. ಮಾಳಿಗಿ ಮನಿ ಬೆಳಕಿಂಡಿ ಚಳಿಗೆ ಅಂತ ಕಲ್ಲು ಇಟ್ಟು ಮುಚ್ಚಿರ್ತೀರಿ, ಕೆಂಡ ಇದ್ದ ದಿನ ತೆಗದ ಇಡ್ರಿ.

ಎಳ್ಳ ಅಮಾಸಿಗೆ ಚರಗಾ ಚೆಲ್ಲಾಕ ಇಡೀ ಮನಿ ಹೊಲಕ್ಕ ಹೊಂಡತೈತಿ, ಭಾರತ ಹುಣ್ಣಿಮಿಗೆ ಸವದತ್ತಿ ಎಲ್ಲಮ್ಮನ ಗುಡ್ಡಕ್ಕ ಚಕ್ಕಡಿ ಕಟ್ಟಿದ್ರ ಎರಡು ಮೂರು ದಿನ. ಮನಿಗೆ ಕೀಲಿ ಹಾಕೋ ಇಂಥಾ ದಿನ ಕೆಂಡ ಇಡಬ್ಯಾಡ್ರಿ, ಆರಸ್ರಿ. ಆದ್ರ ಕಾದ ಒಲಿಗೆ ಬಕೀಟ ನೀರು ಒಮ್ಮೆಲೆ ಸುರೀಬ್ಯಾಡ್ರಿ, ಮಣ್ಣಿನ ಒಲಿ ಸೀಳತೈತಿ, ಉಗಿ ಮಾರಿಗೆ ಹೊಡಿತೈತಿ. ಕೆಂಡ ಕಬ್ಬಿಣದ ಬುಟ್ಟಿಗೆ ತಗೊಂಡು ಅಂಗಳಕ್ಕ ತಂದು ಹರವ್ರಿ, ನೀರು ಚಿಮಕಸ್ರಿ, ಕೋಲಿಲೆ ತಿರುವ್ರಿ, ಮತ್ತ ಚಿಮಕಸ್ರಿ, ಚುಂಯ್ ಅನ್ನೂದು ನಿಂದ್ರೂ ತನಕ. ಆಮ್ಯಾಲ ಅಂಗೈ ಬೆನ್ನು ಮ್ಯಾಲ ಹಿಡದು ಕಾವು ಐತೋ ನೋಡ್ರಿ.

ಆ ಬೂದಿ ಅವತ್ತ ತಿಪ್ಪಿಗೆ ಚೆಲ್ಲಬ್ಯಾಡ್ರಿ. ಮ್ಯಾಲ ತಣ್ಣಗ ಕಂಡ್ರೂ ಬೂದಿ ಒಳಗಿನ ಕೆಂಡ ಮೂರ್ನಾಕು ದಿನ ಜೀವ ಹಿಡ್ಕೊಂಡಿರ್ತೈತಿ, ತಿಪ್ಪ್ಯಾಗ ಒಣಾ ಕಸ, ಬಾಜೂಕ ಕಣಿಕಿ ಬಣವಿ, ರಾತ್ರಿ ಗಾಳಿ ಬೀಸಿದ್ರ ದನದ ಮೇವೆಲ್ಲಾ ಹೋತು. ಮುಚ್ಚಳ ಇರೋ ತಗಡಿನ ಡಬ್ಬ್ಯಾಗ ಹಾಕಿ ಕಲ್ಲಿನ ಮ್ಯಾಲ ಹೊರಗ ಇಡ್ರಿ.

ಹೊಸಾ ಒಲಿ ಕಟ್ಟಸೋರು ಇದ್ರ ಅಸ್ತ್ರ ಒಲಿ ವಿಚಾರ ಮಾಡ್ರಿ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು 1980ರ ದಶಕದಾಗ ತಯಾರ ಮಾಡಿದ್ದು, ಬೆಂಕಿ ಒಳಗ ಇರ್ತೈತಿ, ಹೊಗಿ ಕೊಳವಿಯಿಂದ ಮ್ಯಾಲ ಹೋಗ್ತೈತಿ. ಕೊಳವಿ ಒಳಗ ಮಸಿ ಕಟ್ಟತೈತಿ, ಆ ಮಸಿಗೇ ಬೆಂಕಿ ಹತ್ತಬಹುದು, ಆವಾಗಾವಾಗ ಕೆರದು ತೆಗೀರಿ.

ಬಾಜೂ ಮನಿಯವರಿಗೆ "ಒಲ್ಯಾಗ ಕೆಂಡ ಮುಚ್ಚೇವಿ" ಅಂತ ಹೇಳಿ, ಒಂದು ಕೀಲಿಕೈ ಅವರ ಹತ್ರ ಕೊಟ್ಟು ಹೋಗ್ರಿ, ಹೊಗಿ ಕಂಡ್ರ 101 ಇಲ್ಲಾ 112ಕ್ಕ ಫೋನ್ ಮಾಡಾಕ ಹೇಳ್ರಿ. ಸಂಜಿಗೆ ಬಂದ ಮ್ಯಾಲ ಮೊದ್ಲ ಬಾಗ್ಲಾ ಕಿಡಕಿ ತೆಗದು ಸ್ವಲ್ಪ ಹೊತ್ತು ಗಾಳಿ ಆಡಾಕ ಬಿಡ್ರಿ, ಗ್ಯಾಸ್ ವಾಸನಿ ಬಂದ್ರ ಸ್ವಿಚ್ ಮುಟ್ಟದ ಹೊರಗ ಬರ್ರಿ. ಎಲ್ಲಾ ಸರಿ ಇದ್ರ ಬೂದಿ ಸರಸಿ, ಸಣ್ಣ ಕುಳ್ಳಿನ ಚೂರು ಇಟ್ಟು, ಮಾರಿ ಒಂದ ಬಾಜೂಕ ಮಾಡಿ, ಸೀರಿ ಸೆರಗು ಟೊಂಕಕ್ಕ ಸಿಗಿಸಿ ಊದಗೊಳವಿಯಿಂದ ಮೆಲ್ಲಕ ಊದ್ರಿ, ಕಡ್ಡಿ ಪೆಟ್ಟಗಿ ಬೇಕಾಗೂದಿಲ್ಲ.