ಫೇಡರ್ ಏರಿಸಿದರೂ ಭಾಗವತರ ದನಿ ಸಭೆಗೆ ಕೇಳದಿದ್ದರೆ

ಕುಂಬಳೆ, ಬದಿಯಡ್ಕದ ಕಡೆ ಯಕ್ಷಗಾನದ ಆಟಕ್ಕೂ ತಾಳಮದ್ದಳೆಗೂ ಧ್ವನಿವರ್ಧಕ ನೋಡಿಕೊಳ್ಳುವ ಗೆಳೆಯರಿಗೆ ಒಂದು ಮಾತು. ಡಿಜಿಟಲ್ ಮಿಕ್ಸರ್‌ಗೆ ಹೊಸದಾಗಿ ಬಂದವರು ಎಡವುವುದು ರೂಟಿಂಗಿನಲ್ಲಿ, ಅಂದರೆ ಯಾವ ದನಿ ಎಲ್ಲಿಗೆ ಹೋಗಬೇಕೆಂದು ದಾರಿ ಹಾಕುವುದರಲ್ಲಿ. ಮೊನ್ನೆ ನಾನೂ ಎಡವಿದೆ. ಭಾಗವತರ ಚಾನೆಲ್‌ನ ಮೀಟರ್ ಕುಣಿಯುತ್ತಿತ್ತು, ಹೆಡ್‌ಫೋನಿನಲ್ಲಿ ಪದ ಸ್ಪಷ್ಟವಾಗಿತ್ತು, ಸಭೆಗೆ ಮಾತ್ರ ಮೌನ. ಕೇಬಲ್ ಬದಲಿಸಿದೆ, ಮೈಕ್ ಬದಲಿಸಿದೆ. ಕೊನೆಗೆ ನೋಡಿದರೆ ಆ ಚಾನೆಲ್ಲನ್ನು ಮೇನ್ ಔಟ್‌ಪುಟ್‌ಗೆ ಕಳಿಸುವ ಗುಂಡಿಯೇ ಆಫ್! ಹಿಂದಿನ ಕಾರ್ಯಕ್ರಮದ ಸೀನ್ (ಉಳಿಸಿಟ್ಟ ಸೆಟ್ಟಿಂಗ್) ಲೋಡ್ ಮಾಡಿದಾಗ ಅದರ ರೂಟಿಂಗ್ ಕೂಡ ಬಂದಿತ್ತು.

ರಂಗದ ಮಾನಿಟರ್‌ಗೆ (ಕಲಾವಿದರು ಕೇಳುವ ಸ್ಪೀಕರಿಗೆ) ಹೋಗುವ ಸೆಂಡ್ ಪ್ರೀ-ಫೇಡರ್ ಇರಲಿ, ಅಂದರೆ ದನಿ ಏರಿಳಿಸುವ ಜಾರುಗುಂಡಿಯಾದ ಫೇಡರಿಗಿಂತ ಮೊದಲೇ ಕವಲೊಡೆಯಲಿ. ಪೋಸ್ಟ್, ಅಂದರೆ ಫೇಡರ್ ದಾಟಿದ ಮೇಲೆ ಆಗಿದ್ದರೆ, ಸಭೆಗೆ ಚೆಂಡೆ ತಗ್ಗಿಸಿದಾಗ ವೇಷಧಾರಿಗೂ ತಗ್ಗುತ್ತದೆ. ಕುಣಿಯುವವರ ಕಣ್ಣು ಕೆಂಪಾಗುವುದು ಆಗಲೇ. ರಿವರ್ಬ್‌ಗೆ ಇದರ ತಿರುಗುಮುರುಗು: ಪೋಸ್ಟ್-ಫೇಡರ್ ಬೇಕು. ಇಲ್ಲವಾದರೆ ಫೇಡರ್ ಇಳಿಸಿದ ಮೇಲೂ ಬಾವಿಯೊಳಗಿಂದ ಹಾಡಿದಂತೆ ಪ್ರತಿಧ್ವನಿ ಉಳಿಯುತ್ತದೆ.

ಎಲ್ಲಕ್ಕಿಂತ ಅಪಾಯದ್ದು ‘ಸೆಂಡ್ಸ್ ಆನ್ ಫೇಡರ್’. ಅದು ಆನ್ ಇದ್ದಾಗ ಅದೇ ಫೇಡರ್‌ಗಳು ಆಯ್ದ ಬಸ್‌ಗೆ (ಹಲವು ಚಾನೆಲ್ಲುಗಳ ದನಿ ಸೇರಿ ಒಂದೆಡೆಗೆ ಹೋಗುವ ದಾರಿಗೆ) ಹೋಗುವ ಪ್ರಮಾಣವನ್ನು ತೋರಿಸುತ್ತವೆ. ಆಫ್ ಮಾಡಲು ಮರೆತು ಸಭೆಗೆಂದು ಏರಿಸಿದರೆ, ಏರುವುದು ಮದ್ದಳೆಯವರ ಕಿವಿಯ ಪಕ್ಕದ ಮಾನಿಟರ್. ಬೆಹ್ರಿಂಗರ್ ಎಕ್ಸ್32ರಲ್ಲಿ ಇಂಥ 16 ಮಿಕ್ಸ್ ಬಸ್‌ಗಳಿವೆ. ಯಾವ ಬಸ್ ಯಾವ ಊರಿಗೆಂದು ಬೋರ್ಡು ಹಾಕುವ ಹಾಗೆ ಪ್ರತಿಯೊಂದಕ್ಕೂ ಹೆಸರು ಬರೆದಿಡಿ. ನಾನು ಮಲಯಾಳ ಮಾತ್ರ ಬಲ್ಲ ಸಹಾಯಕನಿಗೂ ತಿಳಿಯಲೆಂದು ಬಣ್ಣವನ್ನೂ ಕೊಟ್ಟಿದ್ದೇನೆ, ಮಾನಿಟರ್‌ಗೆಲ್ಲ ಹಳದಿ.