11:1 ಕಂಪ್ರೆಶನ್‌ಗೆ ಏವ್‌ಗ್ಯಾಸ್: ನನ್ನ ಅನುಭವ

ಏವ್‌ಗ್ಯಾಸ್, ಅಂದರೆ ಸಣ್ಣ ವಿಮಾನಗಳ ಪೆಟ್ರೋಲ್, ಕಾರಿಗೆ ಹಾಕಿದರೆ ವಾಲ್ವ್ ಸುಟ್ಟುಹೋಗುತ್ತದೆ, ಅದು 2700 ಆರ್‌ಪಿಎಂ ವಿಮಾನದ ಎಂಜಿನ್‌ಗೆ ಮಾಡಿದ್ದು, 6000ದಲ್ಲಿ ಉರಿಯೋಕೆ ಟೈಮೇ ಸಾಲದು. ಟೆಕ್ಸಾಸ್‌ನ ಡ್ರ್ಯಾಗ್ ಸ್ಟ್ರಿಪ್‌ನಲ್ಲಿ (ನೇರ ಓಟದ ರೇಸ್ ಟ್ರ್ಯಾಕ್) ನನಗೆ ಹೀಗೆ ಹೇಳದವರೇ ಇಲ್ಲ. ಹೋದ ಚಳಿಗಾಲ ಎಂಜಿನ್ ಹೆಡ್ ಬಿಚ್ಚಿ ತೋರಿಸಿದೆ. ವಾಲ್ವ್, ಸೀಟ್ ಎರಡೂ ಗಟ್ಟಿಮುಟ್ಟಾಗಿದ್ದವು.

ಗಾಡಿ 1966ರ ಶೆವಿ ನೋವಾ, 327 ಘನ ಇಂಚಿನ ಎಲ್79 ಎಂಜಿನ್ (ಗಾಳಿ-ಪೆಟ್ರೋಲನ್ನು ಹನ್ನೊಂದರಲ್ಲೊಂದು ಪಾಲಿಗೆ ಒತ್ತುತ್ತದೆ, ಅದೇ 11:1), ಕಬ್ಬಿಣದ ಹೆಡ್. ಬಂಕಿನ 93 ಆಕ್ಟೇನ್ ಪೆಟ್ರೋಲ್ ಹಾಕಿ ಕಾಲೊತ್ತಿದರೆ ಸಾಕು, ನಾಕಿಂಗ್ (ಪೆಟ್ರೋಲ್ ತಾನಾಗಿ ಸಿಡಿದು ಬಡಿಯುವ ಶಬ್ದ) ಶುರು. ಅದನ್ನು ತಡೆಯುವ ಶಕ್ತಿಯ ಅಳತೆಯೇ ಆಕ್ಟೇನ್. ಟೈಮಿಂಗ್ (ಕಿಡಿ ಎಷ್ಟು ಮುಂಚೆ ಹಾರಬೇಕೆಂಬ ಲೆಕ್ಕ) 28 ಡಿಗ್ರಿಗೆ ಇಳಿಸಿದರೆ ಶಬ್ದ ಹೋಗುತ್ತಿತ್ತು, ಜೊತೆಗೆ ಜೀವವೂ ಹೋಗುತ್ತಿತ್ತು. ಆಕ್ಟೇನ್ ಬೂಸ್ಟರ್ ಬಾಟಲಿಗೆ ಸುಮ್ನೆ ದುಡ್ಡು ಸುರಿದೆ. ಅದರ ಮೇಲೆ ಬರೆದ 30 ಪಾಯಿಂಟ್ ಅಂದರೆ 3 ಆಕ್ಟೇನ್ ಅಷ್ಟೇ. ಸ್ಟ್ರಿಪ್‌ನಲ್ಲಿ ಸಿಗುವ 110 ಆಕ್ಟೇನ್ ರೇಸ್ ಪೆಟ್ರೋಲ್ ಗ್ಯಾಲನ್‌ಗೆ ಹದಿನೈದು ಡಾಲರ್ ಹತ್ತಿರ. ಪಿಸ್ಟನ್ ಬದಲಾಯಿಸಿ ಕಂಪ್ರೆಶನ್ ಇಳಿಸು ಅಂದವರ ಲೆಕ್ಕ ಮೂರು ಸಾವಿರ ದಾಟಿತ್ತು. ಊರಾಚೆಯ ಸಣ್ಣ ಏರ್‌ಪೋರ್ಟ್‌ನಲ್ಲಿ 100ಎಲ್ಎಲ್ (ಸೀಸ ಬೆರೆತ ಏವ್‌ಗ್ಯಾಸ್) ಗ್ಯಾಲನ್‌ಗೆ ಆರೂವರೆ ಡಾಲರ್ ಆಸುಪಾಸು. ಅಲ್ಲಿನವರನ್ನು ಕೇಳಿ, ಕ್ಯಾನ್ ನೆಲದ ಮೇಲಿಟ್ಟು ತುಂಬಿಸಿ ತರುತ್ತೇನೆ.

ಅದರ 100 ಮೋಟರ್ ಆಕ್ಟೇನ್ ಲೆಕ್ಕದ್ದು, ಬಂಕಿನ ಲೆಕ್ಕಕ್ಕಿಂತ ಕಠಿಣ. ಬಂಕಿನ 93 ಅದೇ ಲೆಕ್ಕದಲ್ಲಿ 88ರ ಹತ್ತಿರ ನಿಲ್ಲುತ್ತದೆ. ಹಾಗಾಗಿ ಅರ್ಧಕ್ಕರ್ಧ ಬೆರೆಸಿದರೂ ನನ್ನ ಎಂಜಿನ್‌ಗೆ ಧಾರಾಳ.

ಜಾಸ್ತಿ ದಿನ ತಿಂದದ್ದು ಗಾಳಿ-ಪೆಟ್ರೋಲ್ ಬೆರೆಸುವ ಕಾರ್ಬುರೇಟರ್. ಏವ್‌ಗ್ಯಾಸ್ ಹಗುರ, ಲೀಟರಿಗೆ 0.71 ಕೆಜಿ ಇದ್ದೀತು. ಪೆಟ್ರೋಲಿನ ಮಟ್ಟ ಕಾಯುವ ಫ್ಲೋಟ್ ಅದರಲ್ಲಿ ಸ್ವಲ್ಪ ಮುಳುಗಿ ಕೂರುತ್ತದೆ, ಬೌಲ್‌ನ ಮಟ್ಟ ಏರುತ್ತದೆ. ನನ್ನ ಹಾಲಿ (Holley) ಕಾರ್ಬುರೇಟರ್‌ನ ಸೈಟ್ ಪ್ಲಗ್, ಅಂದರೆ ಮಟ್ಟ ನೋಡುವ ತೂತಿನ ಬಿರಡೆ, ಬಿಚ್ಚಿದರೆ ತೂತಿನಿಂದ ಜಿನುಗುವುದು ಕಾಣುತ್ತದೆ. ಮೊದಲು ಮಟ್ಟ ಸರಿಮಾಡಿ, ಆಮೇಲೆ ಜೆಟ್ (ಪೆಟ್ರೋಲ್ ಹರಿಯುವ ಅಳತೆಯ ತೂತು) ಮುಟ್ಟಿ. ಸ್ಪಾರ್ಕ್ ಪ್ಲಗ್‌ನ ಬಣ್ಣ ಓದುವಾಗ ಇನ್ನೊಂದು ಎಚ್ಚರ: ಸೀಸ ಪಿಂಗಾಣಿ ಮೇಲೆ ತಿಳಿ ಬೂದು ಬಣ್ಣ ಬಿಡುತ್ತದೆ. ಲೀನ್ (ಪೆಟ್ರೋಲ್ ಕಡಿಮೆ) ಅಂದುಕೊಂಡು ಜೆಟ್ ದೊಡ್ಡದು ಮಾಡುತ್ತಾ ಹೋದರೆ ಮುಗಿಯಿತು. ಪಿಂಗಾಣಿಯ ಬುಡದ ಉಂಗುರ ನೋಡಬೇಕು. ಐಡ್ಲ್‌ನಲ್ಲಿ ನಿಂತರೆ ಸೀಸದ ಗುಳ್ಳೆ ಕಟ್ಟಿ ಪ್ಲಗ್ ಸಾಯುತ್ತದೆ. ಅದಕ್ಕೆ ನಾನೊಂದು ಉಪಾಯ ಮಾಡಿದ್ದೇನೆ, ಅದು ಸದ್ಯಕ್ಕೆ ನನ್ನ ಹತ್ತಿರವೇ ಇರಲಿ.

ಈಗ ಟೈಮಿಂಗ್ 36ರ ಆಸುಪಾಸು, ನಾಕಿಂಗ್ ಇಲ್ಲ. ಕ್ವಾರ್ಟರ್ ಮೈಲ್ ಹದಿಮೂರೂವರೆ ಸೆಕೆಂಡಿನಿಂದ ಹದಿಮೂರರ ಒಳಗೆ ಬಂತು. ಅಡ್ವಾನ್ಸ್ ಕರ್ವ್ (ವೇಗಕ್ಕೆ ತಕ್ಕಂತೆ ಟೈಮಿಂಗ್ ಏರುವ ರೀತಿ) ಹೇಳುವುದಿಲ್ಲ, ಅದು ನನ್ನ ಬೆವರು. ಆಗಸ್ಟ್ ಬಿಸಿಲಲ್ಲಿ ವೇಪರ್ ಲಾಕ್ (ಪೈಪಿನಲ್ಲೇ ಪೆಟ್ರೋಲ್ ಆವಿಯಾಗಿ ಹರಿವು ಕಟ್ಟುವುದು) ಕೂಡ ಇಲ್ಲ, ಏಕೆಂದರೆ ಏವ್‌ಗ್ಯಾಸ್ ಬೇಗ ಆವಿಯಾಗುವುದಿಲ್ಲ. ಅದೇ ಗುಣಕ್ಕೆ ಜನವರಿ ಬೆಳಿಗ್ಗೆ ಸ್ಟಾರ್ಟ್ ಮಾಡೋದು ಕಷ್ಟ.

ಉಳಿದದ್ದನ್ನು ಹಳೇ ಜನರೇಟರ್‌ಗೆ ಹಾಕಿಟ್ಟಿದ್ದೆ. ವರ್ಷದ ಮೇಲೆ ಹಗ್ಗ ಎಳೆದರೆ ಎದ್ದು ನಿಂತಿತು. ಏವ್‌ಗ್ಯಾಸ್ ಬೇಗ ಕೆಡುವುದಿಲ್ಲ, ಎಥೆನಾಲೂ ಇಲ್ಲವಲ್ಲ, ಕಾರ್ಬುರೇಟರ್ ಒಳಗೆ ಗೋಂದು ಕಟ್ಟಿರಲಿಲ್ಲ.

ಕಾರುಗಳಲ್ಲಿ ಇದು ಟ್ರೇಲರ್ ಮೇಲೆ ಸಾಗಿಸಿ ಟ್ರ್ಯಾಕ್‌ನಲ್ಲಷ್ಟೇ ಓಡಿಸುವ ಗಾಡಿಗೆ ಮಾತ್ರ. ರಸ್ತೆಯಲ್ಲಿ ಸೀಸದ ಪೆಟ್ರೋಲ್ ಅಮೆರಿಕದಲ್ಲಿ 1996ರಿಂದ ನಿಷಿದ್ಧ. ಹೊಸ ಕಾರಿಗೆ ಹಾಕಿದರೆ ಕ್ಯಾಟಲಿಟಿಕ್ ಕನ್ವರ್ಟರ್, ಆಕ್ಸಿಜನ್ ಸೆನ್ಸರ್ ಎರಡೂ ಹೋಗುತ್ತವೆ. ಏವ್‌ಗ್ಯಾಸ್‌ನಲ್ಲಿ ಲೀಟರಿಗೆ ಅರ್ಧ ಗ್ರಾಂಗಿಂತ ಜಾಸ್ತಿ ಸೀಸ ಇರಬಹುದು. ಗ್ಲೌಸ್ ಇಲ್ಲದೆ ನಾನು ಮುಟ್ಟುವುದಿಲ್ಲ, ಮಕ್ಕಳನ್ನು ಹತ್ತಿರ ಸೇರಿಸುವುದಿಲ್ಲ, ಮನೆ ಶೆಡ್‌ನಲ್ಲಿ ಎಂಜಿನ್ ಓಡಿಸುವುದಿಲ್ಲ. ಕ್ಯಾಲಿಫೋರ್ನಿಯಾ 2031ರಿಂದ ಸೀಸದ ಏವ್‌ಗ್ಯಾಸ್ ಮಾರಾಟ ನಿಲ್ಲಿಸುವ ಕಾನೂನು ಮಾಡಿದೆ, ಅದು ಸರಿಯೇ. ಸೀಸವಿಲ್ಲದ 100 ಆಕ್ಟೇನ್ ಏವ್‌ಗ್ಯಾಸ್ ನಮ್ಮ ಏರ್‌ಪೋರ್ಟ್‌ಗೆ ಬಂದ ದಿನ ಮೊದಲ ಕ್ಯಾನ್ ನನ್ನದು. ಜೆಟ್ ಸೆಟ್ ಈಗಲೇ ತಂದಿಟ್ಟಿದ್ದೇನೆ.