ಅತ್ತೆಯ ಅಟ್ಟದ ಡೇರೆ, ಅವ್ವನ ಕುಂಡದ ಡೇರೆ

ಮದುವೆಯಾಗಿ ಮೂಡಿಗೆರೆ ಕಡೆಗೆ ಬಂದ ಮೊದಲ ಬೇಸಿಗೆ. ಅತ್ತೆ ಅಟ್ಟದಿಂದ ಹಳೆಯ ಬಿದಿರಿನ ಬುಟ್ಟಿಯೊಂದನ್ನು ಇಳಿಸಿ, "ಮಳೆ ಹಿಡಿಯುವ ಮೊದಲು ಇದನ್ನ ಅಂಗಳದ ಅಂಚಿಗೆ ಹಾಕಿಬಿಡು" ಅಂದರು. ಬುಟ್ಟಿಯಲ್ಲಿ ಒಣಮರಳು, ಮರಳಿನೊಳಗೆ ಗೆಣಸಿನ ಗೊಂಚಲಿನ ಹಾಗೆ ಗೆಡ್ಡೆಗಳು. ನಾನು ಅರಸೀಕೆರೆ ಕಡೆಯ ಬಯಲಲ್ಲಿ ಬೆಳೆದವಳು. ನಮ್ಮಲ್ಲಿ ಮನೆ ಮುಂದೆ ಅಂದರೆ ಕನಕಾಂಬರ, ದಾಸವಾಳ, ಒಂದು ತುಳಸಿ. ಡೇರೆ, ಅಂದರೆ ಡಾಲಿಯಾ ಹೂವನ್ನು ಕಂಡಿದ್ದೆನೇ ಹೊರತು ಅದರ ಗೆಡ್ಡೆಯನ್ನು ಕಂಡಿರಲಿಲ್ಲ. ಗೊಂಚಲನ್ನು ಒಂದೊಂದಾಗಿ ಮುರಿದು, ದಪ್ಪದಪ್ಪನೆಯವನ್ನು ಆರಿಸಿ ಸಾಲಾಗಿ ನೆಟ್ಟೆ. ಒಣಕಾಂಡದ ಮೋಟು, ಅದಕ್ಕಂಟಿಕೊಂಡಿದ್ದ ಸೊರಗಿದ ಗೆಡ್ಡೆಗಳೆಲ್ಲ ಗೊಬ್ಬರದ ಗುಂಡಿಗೆ ಹೋದವು.

ಆರಿದ್ರಾ ಮಳೆ ಹೊತ್ತಿಗೆ ಊರಿನ ಎಲ್ಲರ ಅಂಗಳದಲ್ಲೂ ಡೇರೆ ಮೊಳಕಾಲೆತ್ತರಕ್ಕೆ ಬಂದಿತ್ತು. ನಾನು ನೆಟ್ಟ ಸಾಲಲ್ಲಿ ಒಂದು ಚಿಗುರೂ ಇಲ್ಲ. ಗೊಬ್ಬರದ ಗುಂಡಿಯಲ್ಲಿ ಮಾತ್ರ ನಾಲ್ಕು ಗಿಡ ಕಡುಹಸಿರಾಗಿ ಎದ್ದು ನಿಂತಿದ್ದವು. ಅತ್ತೆ ಏನೂ ಅನ್ನಲಿಲ್ಲ. ಕಂಬಳಿ ಕೊಪ್ಪೆ ಹಾಕಿಕೊಂಡು ಹೋಗಿ ಆ ನಾಲ್ಕನ್ನೂ ಮಣ್ಣಿನ ಹೆಂಟೆ ಸಮೇತ ಎತ್ತಿ ತಂದು ಅಂಗಳಕ್ಕೆ ನೆಟ್ಟರು. ಆ ವರ್ಷ ಗೌರಿಹಬ್ಬಕ್ಕೆ ನಮ್ಮ ಮನೆಯಲ್ಲಿ ಅರಳಿದ್ದು ಅಷ್ಟೇ.

ಮುಂದಿನ ವರ್ಷ ಬುಟ್ಟಿ ಇಳಿಸಿದಾಗ ನನ್ನನ್ನು ಜಗಲಿಯಲ್ಲಿ ಪಕ್ಕಕ್ಕೆ ಕೂರಿಸಿಕೊಂಡರು. ಒಂದು ಗೊಂಚಲನ್ನು ಬೆಳಕಿಗೆ ಹಿಡಿದು, "ಗೆಡ್ಡೆಯ ದಪ್ಪ ನೋಡಬಾರದು ಮಾರಾಯ್ತಿ, ಕತ್ತು ನೋಡಬೇಕು" ಅಂದರು. ಗೆಡ್ಡೆ ತೆಳ್ಳಗಾಗುತ್ತ ಹೋಗಿ ಹಳೆಯ ಕಾಂಡವನ್ನು ಸೇರುವ ಜಾಗವಿದೆಯಲ್ಲ, ಅಲ್ಲಿ ಸಾಸಿವೆ ಕಾಳಿನಷ್ಟು ಒಂದು ಉಬ್ಬು, ತುಸು ನಸುಗೆಂಪು. ಅದೇ ಕಣ್ಣು. ಕಣ್ಣಿಲ್ಲದ ಗೆಡ್ಡೆ ತೆಂಗಿನಕಾಯಿ ಗಾತ್ರ ಇದ್ದರೂ ಚಿಗುರುವುದಿಲ್ಲ. ಆಲೂಗೆಡ್ಡೆಗಾದರೆ ಮೈಯೆಲ್ಲ ಕಣ್ಣು, ಡೇರೆಗೆ ಕತ್ತಿನಲ್ಲಿ ಮಾತ್ರ. ನಾನು ಮುರಿದು ನೆಟ್ಟದ್ದು ಕಣ್ಣಿಲ್ಲದ ಮೈ, ಎಸೆದದ್ದು ಕಣ್ಣಿದ್ದ ಕತ್ತು. ಅತ್ತೆಯ ಹೆಬ್ಬೆರಳಿನ ಉಗುರು ಆ ಉಬ್ಬಿನ ಪಕ್ಕ ನಿಂತದ್ದು, ಉಗುರಿನ ಸಂದಿಯ ಕಾಫಿ ಕರೆ, ಎಲ್ಲ ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ. ಅಲ್ಲಿಯವರೆಗೆ ನಮ್ಮಿಬ್ಬರ ಮಾತೆಲ್ಲ ಉಪ್ಪು, ಹುಳಿ, ಹಾಲಿನ ಲೆಕ್ಕದಲ್ಲೇ ಮುಗಿಯುತ್ತಿತ್ತು. ಒಂದು ಗಂಟೆ ಹೊತ್ತು ಇಬ್ಬರೇ ಕೂತು ಮಾತಾಡಿದ್ದು ಅದೇ ಮೊದಲು.

ಇಷ್ಟು ವರ್ಷ ಮಾಡಿ ಮಾಡಿ ನನಗೆ ಕೈಗೂಡಿದ್ದನ್ನು ಹೇಳುತ್ತೇನೆ. ಬೇಸಿಗೆಯಲ್ಲಿ ಕಾಫಿಗೆ ಹೂಮಳೆ ಬಿದ್ದು, ತೋಟ ಬೆಳ್ಳಗಾಗಿ ಘಮಗುಟ್ಟಿದ ಮೇಲೆ ಬುಟ್ಟಿಯನ್ನು ಅಟ್ಟದಿಂದ ಇಳಿಸಬೇಕು. ಅದಕ್ಕೂ ಮೊದಲು ಹುಡುಕಿದರೆ ಕಣ್ಣು ಕಾಣುವುದಿಲ್ಲ. ಜಗಲಿಯಲ್ಲಿಟ್ಟು ಕೈಯಲ್ಲಿ ನಾಲ್ಕು ಹನಿ ನೀರು ಚಿಮುಕಿಸಿದರೆ ಹತ್ತು ಹದಿನೈದು ದಿನದಲ್ಲಿ ಕಣ್ಣುಗಳು ತಾವಾಗಿ ಊದಿಕೊಳ್ಳುತ್ತವೆ. ಆಗ ಚೂಪಾದ ಕತ್ತಿಯಿಂದ, ಒಂದೊಂದು ಗೆಡ್ಡೆಗೂ ಕಾಂಡದ ಒಂದು ಚೂರು, ಕಡೇ ಪಕ್ಷ ಒಂದು ಕಣ್ಣು ಸಿಗುವಂತೆ ಸೀಳುವುದು. ಸೀಳಿದ ಕಡೆಗೆ ಬಚ್ಚಲೊಲೆಯ ಬೂದಿ ಸವರಿ ಎರಡು ದಿನ ಆರಲು ಬಿಡುವುದು.

ನಮ್ಮ ಕಡೆಯ ಮಳೆಗೆ ಗುಂಡಿ ತೆಗೆದು ನೆಡುವುದು ಸಲ್ಲ, ಏರಿಯೇ ಆಗಬೇಕು. ಒಂದು ಮೊಳ ಅಗಲ, ಒಂದು ಗೇಣು ಎತ್ತರ ಮಣ್ಣು ಏರಿಸಿ, ವರ್ಷ ಹಳೆಯದಾದ ಕೊಟ್ಟಿಗೆ ಗೊಬ್ಬರ ಸೇರಿಸುತ್ತೇನೆ. ಹಸಿ ಸಗಣಿ ಹಾಕಿದರೆ ಗಿಡ ಎಲೆಯಲ್ಲೇ ಸೊಕ್ಕುತ್ತದೆ, ಮೊಗ್ಗು ಕಾಣುವುದಿಲ್ಲ. ಗೂಟವನ್ನು ಗೆಡ್ಡೆಗಿಂತ ಮೊದಲು ಹೂಳಬೇಕು. ಗಿಡ ವಾಲಿದ ಮೇಲೆ ಗೂಟ ಹೊಡೆಯಲು ಹೋಗಿ ಗೆಡ್ಡೆಯನ್ನೇ ಸೀಳಿದ್ದು ನನ್ನ ಕೈಯಲ್ಲೇ ಎರಡು ಸಲ ಆಗಿದೆ. ಗೂಟದ ಹೊಣೆ ನಮ್ಮ ಯಜಮಾನರದ್ದು. ತೋಟದ ನೆರಳಿನ ಮರಗಳನ್ನು ಸವರುವ ಮರಗಸಿಯಲ್ಲಿ ಬಿದ್ದ ನೆಟ್ಟಗಿನ ಕೊಂಬೆಗಳನ್ನು ಆರಿಸಿ, ಕೇಳದೇನೇ ಕೊಟ್ಟಿಗೆಯ ಮೂಲೆಗೆ ಒರಗಿಸಿಟ್ಟಿರುತ್ತಾರೆ. ಹೂವಿನ ವಿಷಯಕ್ಕೆ ಅವರು ಬಾಯಿ ಹಾಕುವವರಲ್ಲ. ಆದರೆ ಒಂದು ವರ್ಷವೂ ಗೂಟ ಕಡಿಮೆ ಬಿದ್ದಿಲ್ಲ.

ಗೆಡ್ಡೆಯನ್ನು ನಾಲ್ಕು ಬೆರಳು ಆಳದಲ್ಲಿ, ಕಣ್ಣು ಮೇಲೆ ಬರುವಂತೆ ಅಡ್ಡ ಮಲಗಿಸುವುದು. ಮೊಳಕೆ ಮಣ್ಣಿಂದ ತಲೆ ಹಾಕುವವರೆಗೆ ನೀರು ಬೇಡ. ಕಟ್ಟಲು ಬಾಳೆನಾರು ಒಳ್ಳೆಯದು. ಪ್ಲಾಸ್ಟಿಕ್ ಹುರಿ ಗಾಳಿಗೆ ಕಾಂಡವನ್ನು ಕೊಯ್ದುಹಾಕುತ್ತದೆ, ಡೇರೆಯ ಕಾಂಡ ಒಳಗೆ ಟೊಳ್ಳು. ಅದಕ್ಕೇ ಹೂ ಕೊಯ್ದ ಮೇಲೆ ಬಾಯಿ ತೆರೆದ ಕಾಂಡದಲ್ಲಿ ಮಳೆನೀರು ತುಂಬಿ ಬುಡದವರೆಗೂ ಕೊಳೆ ಇಳಿಯುವುದುಂಟು. ಹಾಗಾಗಿ ಗೆಣ್ಣಿನ ಸ್ವಲ್ಪ ಮೇಲೇ, ಓರೆಯಾಗಿ ಕೊಯ್ಯುತ್ತೇನೆ.

ಮೂರ್ನಾಲ್ಕು ಜೊತೆ ಎಲೆ ಬಂದಾಗ ಕುಡಿ ಚಿವುಟಬೇಕು. ನನಗೆ ಇವತ್ತಿಗೂ ಬಹಳ ಕಷ್ಟದ ಕೆಲಸ ಇದು. ಅಷ್ಟು ಚೆಂದ ಎದ್ದು ನಿಂತ ಗಿಡದ ನೆತ್ತಿ ಮುರಿಯಲು ಕೈ ಏಳುವುದಿಲ್ಲ. ಆದರೆ ಚಿವುಟದಿದ್ದರೆ ಒಂದೇ ಕಾಂಡ ಮೇಲಕ್ಕೆ ಓಡುತ್ತದೆ, ತುದಿಯಲ್ಲೊಂದು ಹೂ ಬಿಟ್ಟು ಮೊದಲ ಗಾಳಿಗೇ ಮಲಗುತ್ತದೆ.

ಮೊಗ್ಗಿನ ವಿಷಯದಲ್ಲಿ ಮಾತ್ರ ಅತ್ತೆಗೂ ನನಗೂ ಬಹುಕಾಲ ತಕರಾರಿತ್ತು. ಡೇರೆ ಸಾಮಾನ್ಯವಾಗಿ ಮೂರು ಮೂರು ಮೊಗ್ಗು ಕಟ್ಟುತ್ತದೆ, ನಡುವೆ ಒಂದು, ಅಕ್ಕಪಕ್ಕ ಎರಡು. ಪಕ್ಕದ ಎರಡನ್ನು ಬಟಾಣಿ ಗಾತ್ರ ಇದ್ದಾಗಲೇ ತೆಗೆದರೆ ನಡುವಿನದು ಊಟದ ತಟ್ಟೆಯಷ್ಟು ಅರಳುತ್ತದೆ. ನನಗೆ ಆ ದೊಡ್ಡ ಹೂವಿನ ಆಸೆ. ಅತ್ತೆಗೆ ಮೊಗ್ಗು ಕಿತ್ತರೆ ಸಂಕಟ. "ಬಂದ ಮೊಗ್ಗು ತೆಗೆಯೋದು ಎಂಥದ್ದು? ದೇವರಿಗೆ ಸಣ್ಣದಾದರೂ ಆಗ್ತದೆ." ಕೊನೆಗೆ ತುಳಸಿಕಟ್ಟೆ ಕಡೆಯ ಸಾಲು ಅವರದ್ದು, ಅಂಗಳದ ಬಾಯಿಗೆ ಗಳ ಅಡ್ಡ ಹಾಕುವ ಉಣುಗೋಲಿನ ಕಡೆಯದು ನನ್ನದು ಅಂತಾಯಿತು. ಮನೆಗೆ ಬಂದವರು ಉಣುಗೋಲ ಹತ್ತಿರ ನಿಂತು "ಇಷ್ಟು ದೊಡ್ಡದಾ!" ಅಂದರೆ ನನಗಿಂತ ಮೊದಲು ಅತ್ತೆಯೇ, "ಅದು ನಮ್ಮ ಹುಡುಗಿ ಮಾಡಿದ್ದು" ಅನ್ನುತ್ತಿದ್ದರು.

ಡೇರೆಯ ಬೀಜ ಹಾಕಿದರೂ ಗಿಡವಾಗುತ್ತದೆ, ಆದರೆ ತಾಯಿಗಿಡದ ಬಣ್ಣ, ರೂಪ ಹಾಗೇ ಬರುವುದಿಲ್ಲ. ಅದೇ ಹೂ ಬೇಕೆಂದರೆ ಅದೇ ಗೆಡ್ಡೆ ಬೇಕು. ಅದಕ್ಕೇ ನಮ್ಮ ಕಡೆ ಹೆಂಗಸರು ನೆಂಟರ ಮನೆಯಿಂದ ಹೊರಡುವಾಗ ಕುಂಕುಮ ಹಚ್ಚಿಸಿಕೊಂಡು, ಸೆರಗಿನಲ್ಲಿ ಒಂದು ಗೆಡ್ಡೆ ಕಟ್ಟಿಸಿಕೊಂಡು ಬರುವುದು. ಬಣ್ಣಗಳಿಗೆ ಹೆಸರೂ ಕೊಟ್ಟವರ ಮೇಲೆಯೇ. ಕೊಪ್ಪದ ಚಿಕ್ಕಮ್ಮನದು, ಮೇಲಿನ ಮನೆ ಅಕ್ಕನದು, ಕಳಸದ್ದು. ಅವುಗಳಲ್ಲಿ ಅತ್ತೆಗೆ ಪ್ರಾಣವಾಗಿದ್ದು 'ಶೃಂಗೇರಿ ಅಂಚು'. ಕಡುಗೆಂಪು ಎಸಳು, ಪ್ರತಿ ಎಸಳ ತುದಿಗೂ ಸೀರೆಯ ಅಂಚಿನಂತೆ ಬಿಳಿ. ಶೃಂಗೇರಿಗೆ ಕೊಟ್ಟಿದ್ದ ಅವರ ತಂಗಿ ತಂದುಕೊಟ್ಟದ್ದು. ಆ ತಂಗಿ ತೀರಿಕೊಂಡು ಬಹಳ ವರ್ಷವಾಯಿತು.

ನನ್ನ ಮಗಳು ಒಂದು ಸಲ ಓದಿ ಹೇಳಿದಳು. ಇದು ಮೆಕ್ಸಿಕೋದ ಗುಡ್ಡಗಾಡಿನ ಹೂವಂತೆ, 1963ರಿಂದ ಆ ದೇಶದ ರಾಷ್ಟ್ರಪುಷ್ಪ, ಆಂಡರ್ಸ್ ದಾಲ್ ಅನ್ನುವ ಸ್ವೀಡನ್ನಿನ ಸಸ್ಯವಿಜ್ಞಾನಿಯ ಹೆಸರಿನಿಂದ ಡಾಲಿಯಾ ಆಯಿತು ಅಂತ. ಅತ್ತೆ ಕೇಳಿದ್ದು ಒಂದೇ ಪ್ರಶ್ನೆ: "ಅಲ್ಲಿ ಮಳೆ ಯಾವಾಗ?" ಅಲ್ಲಿಯೂ ಬೇಸಿಗೆ ಕಳೆಯುವಾಗ ಮಳೆ, ಚಳಿಗಾಲ ಒಣ. "ಹಾಗಾದ್ರೆ ಸರಿ" ಅಂದರು. ಮಳೆಯಲ್ಲಿ ಬೆಳೆದು ಒಣಗಾಲದಲ್ಲಿ ಮಣ್ಣೊಳಗೆ ನಿದ್ದೆ ಮಾಡುವ ಜಾತಿ ಅದು. ನಮ್ಮ ಮಳೆ ಅದರ ಊರಿನದಕ್ಕಿಂತ ಎಷ್ಟೋ ಪಾಲು ಜಾಸ್ತಿ ಅನ್ನುವುದೊಂದೇ ತೊಡಕು.

2018ರ ಶುರುವಿಗೆ ತವರಿಗೆ ಹೋಗುವಾಗ ಆರು ಗೆಡ್ಡೆ ಒಯ್ದಿದ್ದೆ, ಶೃಂಗೇರಿ ಅಂಚೂ ಅದರಲ್ಲಿತ್ತು. ಅವ್ವ ನಾಲ್ಕನ್ನು ಆಗಲೇ ಹಿತ್ತಿಲಿಗೆ ನೆಟ್ಟು ದಿನಾ ನೀರು ಹಾಕಿದರು. ಅರಸೀಕೆರೆಯ ಏಪ್ರಿಲ್ ಬಿಸಿಲಿಗೆ ನಾಲ್ಕೂ ಬೆಂದುಹೋದವು. ಉಳಿದ ಎರಡನ್ನು ಕುಂಡದಲ್ಲಿ ತೆಂಗಿನ ನಾರಿನ ಪುಡಿಯೊಳಗೆ ಹಾಕಿ ನೀರಿನ ತೊಟ್ಟಿಯ ಮಗ್ಗುಲಿಗಿಟ್ಟು ಮರೆತುಬಿಟ್ಟಿದ್ದರು. ಶ್ರಾವಣದಲ್ಲಿ ಅವು ತಾವಾಗಿ ತಲೆ ಎತ್ತಿದವು. ಆಮೇಲೆ ಮಣ್ಣು, ಗೊಬ್ಬರ, ನೀರು ಕೊಟ್ಟರು. ನಮ್ಮ ಕಡೆ ಡೇರೆ ಮುಗಿದು ಗಿಡ ಹಳದಿ ತಿರುಗುವ ಹೊತ್ತಿಗೆ ಅವ್ವನ ಮನೆ ಮುಂದೆ ದೀಪಾವಳಿಗೆ ಅರಳಿತು. ಬಯಲುಸೀಮೆಯ ಹಿಂಗಾರು ಹೂವಿಗೆ ಹಿಡಿಸಿತ್ತು.

2019ರ ಆಗಸ್ಟಿನ ಆಶ್ಲೇಷ ಮಳೆ ನಮ್ಮ ತಾಲ್ಲೂಕಿನವರು ಮರೆಯುವಂಥದ್ದಲ್ಲ. ಮಲೆಮನೆ, ಮಧುಗುಂಡಿ ಕಡೆ ಗುಡ್ಡ ಜರಿದು ಮನೆ, ಗದ್ದೆ, ತೋಟ ಹೋದವು. ಅವರ ಎದುರು ಹೂವಿನ ಮಾತು ಆಡಲು ಈಗಲೂ ನನಗೆ ನಾಲಿಗೆ ಏಳುವುದಿಲ್ಲ. ನಮ್ಮಲ್ಲಿ ಧರೆ, ಅಂದರೆ ಕಡಿದಾದ ಮಣ್ಣಿನ ದಿಬ್ಬ, ಜರಿದು ಅಂಗಳದ ಒಂದು ಮಗ್ಗುಲು ಮುಚ್ಚಿಹೋಯಿತು, ವಾರಗಟ್ಟಲೆ ನೀರು ನಿಂತಿತು, ಅಷ್ಟೆ. ನವೆಂಬರಿನಲ್ಲಿ ಏರಿ ಅಗೆದೆವು. ಒಂದೊಂದು ಗೆಡ್ಡೆಯೂ ಬೆರಳು ಒತ್ತಿದರೆ ಕೊಳೆತ ಬಾಳೆಹಣ್ಣಿನ ಹಾಗೆ ಒಡೆದು ನೀರು ಬಿಡುತ್ತಿತ್ತು. ನನ್ನ ಸಾಲಿನ ಹಳದಿ ಎರಡು, ಕೊಪ್ಪದ್ದು ಒಂದು ಸಿಕ್ಕಿತು. ಶೃಂಗೇರಿ ಅಂಚು ಒಂದೂ ಇಲ್ಲ. ಅತ್ತೆ ಮಣ್ಣಿನ ಕೈಯಲ್ಲೇ ಧರೆಯ ಕಲ್ಲಿನ ಮೇಲೆ ಕೂತರು. "ಅವಳದ್ದು ಅಂತ ಇದ್ದದ್ದು ಅದೊಂದು" ಅಂದರು. ಮತ್ತೆ ಏನೂ ಮಾತಿಲ್ಲ.

ಸಂಜೆ ಅವ್ವನಿಗೆ ಫೋನ್ ಮಾಡಿದೆ. "ಅದಾ? ಐತೆ ಕಣವ್ವ, ಈಗ ತಾನೆ ಹೂವಾಗೈತೆ. ಆದ್ರೆ ಒಂದೀಟು ಕೆಟ್ಟೋಗೈತೆ ಅನ್ನುಸ್ತದೆ, ಒಂದು ಹೂವು ಬರೀ ಕೆಂಪು ಬಂದೈತೆ, ಬಿಳೀದೇ ಇಲ್ಲ" ಅಂದರು. ತಮ್ಮ ಫೋಟೋ ಕಳಿಸಿದ. ಅತ್ತೆ ಕನ್ನಡಕ ಹಾಕಿಕೊಂಡು ನೋಡಿ, "ಕೆಟ್ಟದ್ದಲ್ಲ, ಇದು ಹಾಗೇ. ಒಂದೊಂದು ಸಲ ಅಂಚು ಬಿಟ್ಟು ಬರ್ತದೆ. ಗೆಡ್ಡೆ ಅದೇ" ಅಂದರು. ನಿಜ, ಬಿಳಿ ತುದಿಯ ಡೇರೆಯಲ್ಲಿ ಒಂದೇ ಗಿಡದ ಕೆಲವು ಹೂಗಳು ಪೂರ್ತಿ ಒಂದೇ ಬಣ್ಣಕ್ಕೆ ತಿರುಗುವುದುಂಟು. ಆಮೇಲೆ ಅತ್ತೆ ಫೋನ್ ಕೊಡು ಅಂದರು. ಬೀಗಿತಿಯರಿಬ್ಬರೂ ಅಲ್ಲಿಯವರೆಗೆ ಹಬ್ಬಹುಣ್ಣಿಮೆಗೆ "ಚೆನ್ನಾಗಿದ್ದೀರಾ, ಮಳೆ ಹೇಗೆ" ಅಂದು ಮುಗಿಸುತ್ತಿದ್ದವರು. ಅವತ್ತು ಫೋನ್ ನನ್ನ ಕೈಗೆ ವಾಪಸು ಬರುವ ಹೊತ್ತಿಗೆ ಬಿಸಿಯಾಗಿತ್ತು.

ಯುಗಾದಿಗೆ ನಾನೇ ಹೋಗಿ ಗೆಡ್ಡೆ ತರುವುದು ಅಂತಿತ್ತು. 2020ರ ಯುಗಾದಿ ಹೊತ್ತಿಗೇ ಲಾಕ್‌ಡೌನ್ ಬಂತು. ಅಲ್ಲಿ ಬಿಸಿಲು ಏರುತ್ತಿತ್ತು, ಇಲ್ಲಿ ಅತ್ತೆಯ ಚಡಪಡಿಕೆ. ದಿನಾ ಮಧ್ಯಾಹ್ನ ಊಟ ಆದ ಮೇಲೆ ಅತ್ತೆಯೇ ಫೋನ್ ಮಾಡಿಸುತ್ತಿದ್ದರು. "ಬೀಗರೇ, ಕುಂಡದಿಂದ ತೆಗೀಬೇಡಿ, ನೆರಳಲ್ಲಿರಲಿ. ಬಿಳಿ ಮೊಳಕೆ ಬಂದ್ರೆ ಹೆದರಬೇಡಿ, ಮುರಿದು ಹಾಕಿ, ಮತ್ತೆ ಬರ್ತದೆ." ಅವ್ವನೂ ಕೇಳಿಸಿಕೊಳ್ಳುವುದಷ್ಟೇ ಅಲ್ಲ, ಹೇಳುತ್ತಲೂ ಇದ್ದರು. ಒಣಮರಳಲ್ಲಿಟ್ಟರೆ ನಮ್ಮ ಕಡೆ ಸೆಕೆಗೆ ಗೆಡ್ಡೆ ಸುಕ್ಕಾಗುತ್ತದೆ, ನಾರಿನ ಪುಡಿ ಹಿಂಡಿದರೆ ನೀರು ಬರಬಾರದು, ಮುಟ್ಟಿದರೆ ತಂಪಿರಬೇಕು ಅಂತ. ಗೆಡ್ಡೆಯ ಮಾತು ಮುಗಿದ ಮೇಲೂ ಇಬ್ಬರೂ ಫೋನ್ ಇಡುತ್ತಿರಲಿಲ್ಲ. ಅವ್ವನ ಮಂಡಿನೋವು, ಅತ್ತೆಯ ತಂಗಿಯ ಕೊನೆಯ ದಿನಗಳು, ನಾನು ಚಿಕ್ಕವಳಿದ್ದಾಗ ಮಣ್ಣು ತಿನ್ನುತ್ತಿದ್ದದ್ದು. ಅಡುಗೆಮನೆಯಲ್ಲಿ ಅಕ್ಕಿ ಆರಿಸುತ್ತ ಅದನ್ನೆಲ್ಲ ಕೇಳುತ್ತಿದ್ದೆ.

ಬಸ್ಸು ಮತ್ತೆ ಓಡಾಡಲು ಶುರುವಾದ ಮೇಲೆ, ಮೇ ಕೊನೆಗೆ, ತಮ್ಮ ಹಾಸನ, ಬೇಲೂರು ದಾಟಿ ಬಂದು ಕೊಟ್ಟುಹೋದ. ಬಣ್ಣದ ಡಬ್ಬಿಯಲ್ಲಿ ನಾರಿನ ಪುಡಿ, ಒಳಗೆ ಐದು ಗೆಡ್ಡೆ, ಬೆರಳುದ್ದ ಮೊಳಕೆ. ಅತ್ತೆ ಸ್ನಾನ ಮಾಡಿ ಬಂದು ಮುಟ್ಟಿದರು. ತುಳಸಿಕಟ್ಟೆ ಸಾಲಿನ ಏರಿಯನ್ನು ಆ ವರ್ಷ ಒಂದು ಮೊಳ ಎತ್ತರಿಸಿದೆವು, ಧರೆಯ ಕಡೆಗೆ ನೀರು ಹೋಗಲು ಕಪ್ಪು, ಅಂದರೆ ಕಾಲುವೆ, ತೆಗೆದೆವು. ಸೆಪ್ಟೆಂಬರಿನಲ್ಲಿ ಮೊದಲ ಹೂವು ಅಂಚಿನ ಸಮೇತ ಬಂತು. ಎರಡನೆಯದೂ ಹಾಗೇ. ಮೂರನೆಯದು ಬರೀ ಕೆಂಪು. ಅತ್ತೆ ಅದನ್ನೇ ಮೊದಲು ಫೋಟೋ ತೆಗೆಸಿ ಅವ್ವನಿಗೆ ಕಳಿಸಿದರು.

ಈಗ ಅತ್ತೆಗೆ ಬಗ್ಗಲು ಆಗುವುದಿಲ್ಲ. ಜಗಲಿಯ ಕುರ್ಚಿಯಲ್ಲಿ ಕೂತು ಕೋಲಿನಿಂದ ತೋರಿಸುತ್ತಾರೆ. ಅವರ ಸಾಲಿನಲ್ಲಿ ನಾನು ಇವತ್ತಿಗೂ ಮೊಗ್ಗು ತೆಗೆಯುವುದಿಲ್ಲ. ಮರಳಿನ ಬುಟ್ಟಿ ಹೋಗಿ ನಾರಿನ ಪುಡಿಯ ಡಬ್ಬಿಗಳು ಬಂದಿವೆ. ಅಟ್ಟದಲ್ಲಿ ಸಾಲಾಗಿಟ್ಟು ಮೇಲೆ ಚೀಟಿ ಅಂಟಿಸುತ್ತೇನೆ. ಮೊನ್ನೆ ಗೆಡ್ಡೆ ಅಗೆದು ಒಣಗಿಸಿ ತುಂಬಿಸುವಾಗ ಒಂದು ಡಬ್ಬಿಯನ್ನು ಬೇರೆ ಇಡಲು ಹೇಳಿದರು. ಅದಕ್ಕೆ ಕತ್ತು ಗಟ್ಟಿ ಇರುವ ಮೂರು ಗೆಡ್ಡೆಗಳನ್ನು ತಾವೇ ಆರಿಸಿ ಹಾಕಿ, ಚೀಟಿಯಲ್ಲಿ ಏನು ಬರೆಯಬೇಕೆಂದು ನಿಧಾನವಾಗಿ ಹೇಳಿ ಬರೆಸಿದರು: "ಅರಸೀಕೆರೆ ಬೀಗರಿಗೆ. ಶ್ರಾವಣದ ತನಕ ನೀರು ಹಾಕಬೇಡಿ."